ಪಟ್ಟಿಯಲ್ಲಿ ಮಗುವಿನ ಹೆಸರಿದೆಯಾ?

ಫೋನ್-ಇನ್ ಕಾರ್ಯಕ್ರಮ ಮಾಡಿ ಮಾಡಿ ನಮಗೊಂದು ಅಭ್ಯಾಸ ಆಗಿಬಿಟ್ಟಿರುತ್ತೆ. ಕರೆ ಬಂದ ಐದೇ ಸೆಕೆಂಡಿಗೆ ಇದು ಯಾವ ಥರದ ಕರೆ ಅಂತ ಗೊತ್ತಾಗುತ್ತೆ. ಕೆಲವರು ಬೈಯೋಕೆ ಫೋನ್ ಮಾಡಿರ್ತಾರೆ, ಕೆಲವರು ಹೊಗಳೋಕೆ. ಇನ್ನು ಕೆಲವರಿಗೆ ಟಿವಿಯಲ್ಲಿ ತಮ್ಮ ದನಿ ಕೇಳಿಸಿದರೆ ಅಷ್ಟೇ ಸಾಕು. ಸರ್ಕಾರಿ ಆರೋಗ್ಯ ಕಾರ್ಡಿನ ಬಗ್ಗೆ ಚರ್ಚೆ ನಡೀತಿದ್ದ ಒಂದು ಸಂಜೆ ರಾಯಚೂರು ಕಡೆಯಿಂದ ಒಬ್ಬರು ಕರೆ ಮಾಡಿದರು. ಅವರು ಬೈಯಲೂ ಇಲ್ಲ, ಹೊಗಳಲೂ ಇಲ್ಲ.

"ಅಕ್ಕಾರ, ಕಾರ್ಡ್ ಐತ್ರಿ. ನನ್ನ ಹೆಸರು ಐತಿ, ನಮ್ಮ ಮನಿಯಾಕಿ ಹೆಸರೂ ಐತಿ. ಕೂಸಿನ ಹೆಸರು ಇಲ್ರಿ. ಆರಾಮ ಇಲ್ಲದ್ದು ಕೂಸಿಗೇ ನೋಡ್ರಿ."

ಸ್ಟುಡಿಯೋದಲ್ಲಿ ಕೂತಿದ್ದ ಅತಿಥಿಗಳು ಅಷ್ಟೊತ್ತೂ ಅಂಕಿ-ಅಂಶ ಹೇಳ್ತಿದ್ದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ, 1,650 ಬಗೆಯ ಚಿಕಿತ್ಸೆ. ಎಲ್ಲವೂ ಸರಿಯಾದ ಅಂಕಿಗಳೇ. ಆದರೆ ಆ ತಂದೆ ಎಷ್ಟು ಲಕ್ಷ ಅಂತ ಕೇಳಿರಲಿಲ್ಲ. ಪಟ್ಟಿಯಲ್ಲಿ ನನ್ನ ಮಗು ಯಾಕಿಲ್ಲ ಅಂತ ಕೇಳಿದ್ದರು. ಪಡಿತರ ಚೀಟಿಗೆ ಮಗುವಿನ ಹೆಸರು ಸೇರಿಸಿ, ಅದಕ್ಕೆ ಜನನ ಪ್ರಮಾಣಪತ್ರ ಬೇಕು, ಆಧಾರ್ ಬೇಕು ಅಂತ ನಾವು ಹೇಳ್ತಾ ಇರುವಾಗಲೇ ಲೈನ್ ಕಟ್ ಆಯ್ತು. ನಾವು ಬ್ರೇಕ್‌ಗೆ ಹೋದ್ವಿ. ಸೋಪಿನ ಜಾಹೀರಾತು ಬಂತು.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಕಲಿತ ಒಂದು ಮಾತು ಇವತ್ತಿಗೂ ಮರೆತಿಲ್ಲ. ನಲ್ಲಿಯಲ್ಲಿ ನೀರು ಬರ್ತಿಲ್ಲ ಅಂದ ಕೂಡಲೇ ಟ್ಯಾಂಕ್ ದೊಡ್ಡದು ಮಾಡೋಕೆ ಹೋಗಬೇಡಿ, ಮೊದಲು ಪೈಪಿನ ಜಾಯಿಂಟ್ ನೋಡಿ. ಆ ಕರೆ ಕಟ್ ಆದ ಮೇಲೆ ನಮ್ಮ ಆರೋಗ್ಯ ವಿಮೆಯ ಇತಿಹಾಸ ಹುಡುಕಿ ಓದಿದೆ. ಓದ್ತಾ ಹೋದ ಹಾಗೆ ಕಂಡಿದ್ದು ಇಷ್ಟು: ಮುಕ್ಕಾಲು ಶತಮಾನದಿಂದ ನಾವು ಟ್ಯಾಂಕ್ ದೊಡ್ಡದು ಮಾಡ್ತಾನೇ ಬಂದಿದ್ದೀವಿ. ಜಾಯಿಂಟ್ ಮಾತ್ರ ಒಂದೇ ಜಾಗದಲ್ಲಿ ಸೋರ್ತಾ ಇದೆ. ಅದು ಮಗುವಿನ ಹೆಸರು ಪಟ್ಟಿಗೆ ಸೇರುವ ಜಾಗ.

ಸಂಬಳದ ಜೊತೆ ಹುಟ್ಟಿದ ವಿಮೆ

ಕಥೆ ಸ್ವಾತಂತ್ರ್ಯಕ್ಕೂ ಮೊದಲೇ ಶುರುವಾಗುತ್ತೆ. 1943ರಲ್ಲಿ ಬ್ರಿಟಿಷ್ ಸರ್ಕಾರ ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯಲ್ಲಿ ಒಂದು ಆರೋಗ್ಯ ಸಮಿತಿ ಮಾಡ್ತು. 1946ರಲ್ಲಿ ವರದಿ ಬಂತು. ಆ ವರದಿಯ ಒಂದು ಲೆಕ್ಕ ಇವತ್ತು ಓದಿದರೂ ಎದೆ ಝಲ್ ಅನ್ನುತ್ತೆ. ಆಗಿನ ಬ್ರಿಟಿಷ್ ಇಂಡಿಯಾದಲ್ಲಿ ಒಟ್ಟು ಸಾವುಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಸಾವು ಹತ್ತು ವರ್ಷದೊಳಗಿನ ಮಕ್ಕಳದ್ದು. ಅಂದರೆ ಊರಿನ ಸ್ಮಶಾನಕ್ಕೆ ಹೋಗುವ ಎರಡು ಹೆಣಗಳಲ್ಲಿ ಒಂದು ಚಿಕ್ಕದು.

ಭೋರ್ ಸಮಿತಿ ಹೇಳಿದ ಮೂಲ ಮಾತು ಏನು ಗೊತ್ತಾ? ದುಡ್ಡಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು. 1946ರ ಮಾತಿದು. ಸಮಿತಿ ಕಂಡ ಕನಸು ವಿಮೆಯದ್ದಲ್ಲ, ಹಳ್ಳಿಹಳ್ಳಿಗೂ ಸರ್ಕಾರಿ ಆಸ್ಪತ್ರೆಯದ್ದು. ಆ ಕನಸಿನ ಒಂದು ತುಂಡೇ ಇವತ್ತು ನಿಮ್ಮ ಹೋಬಳಿಯಲ್ಲಿರುವ ಪ್ರಾಥಮಿಕ ಆರೋಗ್ಯ ಕೇಂದ್ರ.

ವಿಮೆ ಬಂದಿದ್ದು ಬೇರೆ ದಾರಿಯಿಂದ. 1948ರಲ್ಲಿ ಇಎಸ್ಐ ಕಾಯ್ದೆ ಆಯ್ತು, 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯ್ತು. ಕಾರ್ಖಾನೆ ಕಾರ್ಮಿಕನ ಸಂಬಳದಲ್ಲಿ ಒಂದು ಪಾಲು, ಮಾಲೀಕನಿಂದ ಒಂದು ಪಾಲು, ಅದರಿಂದ ಚಿಕಿತ್ಸೆ. ಮೊದಲು ಕಾರ್ಮಿಕನಿಗೆ ಮಾತ್ರ. ಹೆಂಡತಿ ಮಕ್ಕಳು ಒಳಗೆ ಬಂದಿದ್ದು ಆಮೇಲೆ. ಅದೂ ಯಾವ ಹೆಸರಿನಲ್ಲಿ? 'ಅವಲಂಬಿತರು' ಅನ್ನೋ ಹೆಸರಿನಲ್ಲಿ.

ಈ ಪದವನ್ನ ಸ್ವಲ್ಪ ಗಮನಿಸಿ. ದುಡಿಯುವವನಿಗೆ ವಿಮೆ, ಉಳಿದವರು ಅವನ ಬೆನ್ನಿಗೆ. ಮಗು ದುಡಿಯಲ್ಲ, ಕಂತು ಕಟ್ಟಲ್ಲ, ಅರ್ಜಿಗೆ ಸಹಿ ಹಾಕಲ್ಲ. ಹಾಗಾಗಿ ವಿಮೆಯ ಪುಸ್ತಕದಲ್ಲಿ ಮಗುವಿಗೆ ತನ್ನದೇ ಆದ ಸಾಲು ಇರಲಿಲ್ಲ. ಅಪ್ಪನಿಗೆ ಕಾರ್ಖಾನೆ ಕೆಲಸ ಇದ್ದರೆ ಮಗುವಿಗೆ ಡಾಕ್ಟರು. ಅಪ್ಪ ಹೊಲದಲ್ಲಿ ಕೂಲಿಗೆ ಹೋಗೋನಾದರೆ? ಅಮ್ಮ ಮನೆಗೆಲಸಕ್ಕೆ ಹೋಗೋಳಾದರೆ? ಅಂಥ ಮಗು ಯಾವ ಪಟ್ಟಿಯಲ್ಲೂ ಇರಲಿಲ್ಲ. ಐವತ್ತು ವರ್ಷ ಹೀಗೇ ನಡೀತು.

ತಿಂಗಳಿಗೆ ಐದು ರೂಪಾಯಿ

ಆ ಗೋಡೆ ಮೊದಲು ಒಡೆದ ಜಾಗಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಹೆಮ್ಮೆಯಿಂದಲೇ ಹೇಳಬೇಕಾದ ವಿಷಯ.

2002ರ ನವೆಂಬರ್ 14. ಸಹಕಾರ ಸಪ್ತಾಹ ಶುರುವಾಗುವ ದಿನ, ಮಕ್ಕಳ ದಿನಾಚರಣೆಯೂ ಹೌದು. ಅವತ್ತು ಮುಖ್ಯಮಂತ್ರಿ ಎಸ್.ಎಂ. ಕೃಷ್ಣ 'ಯಶಸ್ವಿನಿ' ಯೋಜನೆ ಉದ್ಘಾಟಿಸಿದರು. 2003ರ ಜೂನ್ 1ರಿಂದ ಜಾರಿಗೆ ಬಂತು. ಇದರ ಹಿಂದಿನ ಯೋಚನೆ ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರದ್ದು. ಲೆಕ್ಕ ತುಂಬ ಸರಳ. ಒಬ್ಬ ರೈತ ಆಪರೇಷನ್ ಖರ್ಚು ಭರಿಸೋಕೆ ಆಗಲ್ಲ. ಲಕ್ಷಾಂತರ ರೈತರು ತಿಂಗಳಿಗೆ ಐದೈದು ರೂಪಾಯಿ ಹಾಕಿದರೆ? ಹಣ ಕೂಡಿಸೋಕೆ ಹೊಸ ಕಚೇರಿ ಬೇಡ, ಹಳ್ಳಿಯ ಹಾಲಿನ ಸೊಸೈಟಿ, ಕೃಷಿ ಪತ್ತಿನ ಸಹಕಾರ ಸಂಘ ಹೇಗೂ ಇದೆ. ವರ್ಷಕ್ಕೆ ತಲೆಗೆ 60 ರೂಪಾಯಿ, ಮೊದಲ ವರ್ಷ ಅದರ ಮೇಲೆ ಸರ್ಕಾರದ್ದೂ ಒಂದು ಪಾಲು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಬಡವರು ಕಂತು ಕಟ್ಟಲ್ಲ ಅಂತಿದ್ದ ಪಂಡಿತರ ಬಾಯಿ ಮುಚ್ಚಿತು.

ಆದರೆ ನಮ್ಮ ಪ್ರಶ್ನೆ ನೆನಪಿದೆ ತಾನೆ? ಮಗುವಿನ ಹೆಸರು?

ಯಶಸ್ವಿನಿಯ ಕಂತು ಮನೆಗೆ ಇಷ್ಟು ಅಂತ ಅಲ್ಲ, ತಲೆಗೆ ಇಷ್ಟು ಅಂತ. ಆರು ಜನರ ಮನೆಗೆ 360 ರೂಪಾಯಿ. ಆಗಿನ ಕೂಲಿಯಲ್ಲಿ ಅದು ಹಲವು ದಿನಗಳ ದುಡಿಮೆ. ಕೈಯಲ್ಲಿ 180 ರೂಪಾಯಿ ಇದೆ, ಯಾರ ಹೆಸರು ಬರೆಸ್ತೀರಿ? ಮಂಡಿ ನೋವಿರುವ ಅಜ್ಜಿಯದ್ದಾ, ದುಡಿಯುವ ಗಂಡಸಿನದ್ದಾ, ಆಡಿಕೊಂಡು ಓಡಾಡ್ತಿರುವ ಮಗುವಿನದ್ದಾ? ಆರೋಗ್ಯವಾಗಿ ಕಾಣುವ ಮಗುವಿಗೆ 60 ರೂಪಾಯಿ ಯಾಕೆ ಅಂತ ಯಾವುದೇ ಬಡ ಮನೆಯ ಯಜಮಾನನಿಗೆ ಅನ್ನಿಸಿದರೆ ಅದು ಅವನ ತಪ್ಪಲ್ಲ. ಯೋಜನೆಯೇ ಅವನ ಮುಂದೆ ಆ ಆಯ್ಕೆ ಇಟ್ಟಿತ್ತು. ಜೊತೆಗೆ, ಸಹಕಾರ ಸಂಘದ ಸದಸ್ಯತ್ವ ಇಲ್ಲದ ಭೂಹೀನ ಕೂಲಿಯವರ ಮಕ್ಕಳಿಗೆ ಈ ಬಾಗಿಲೇ ತೆರೆದಿರಲಿಲ್ಲ.

ಆರನೆಯ ಹೆಸರು

2008ರ ಏಪ್ರಿಲ್ 1. ಕೇಂದ್ರ ಸರ್ಕಾರ 'ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ' ತಂತು. ಬಿಪಿಎಲ್ ಕುಟುಂಬ 30 ರೂಪಾಯಿ ನೋಂದಣಿ ಶುಲ್ಕ ಕಟ್ಟಿದರೆ ಸಾಕು, ವರ್ಷಕ್ಕೆ 30,000 ರೂಪಾಯಿವರೆಗೆ ಆಸ್ಪತ್ರೆ ಖರ್ಚು. ಬೆರಳಚ್ಚು ಇರುವ ಸ್ಮಾರ್ಟ್ ಕಾರ್ಡ್. ಅನಕ್ಷರಸ್ಥ ಕೂಲಿಕಾರನೂ ಬೆರಳಿಟ್ಟು ನಗದಿಲ್ಲದೆ ಚಿಕಿತ್ಸೆ ಪಡೆಯಬಹುದಿತ್ತು. ಆ ಕಾಲಕ್ಕೆ ಇದು ದೊಡ್ಡ ತಂತ್ರಜ್ಞಾನ, ಒಪ್ಪಲೇಬೇಕು.

ಆದರೆ ಆ ಕಾರ್ಡಿನಲ್ಲಿ ಜಾಗ ಐದೇ ಹೆಸರಿಗೆ. ಯಜಮಾನ, ಅವನ ಹೆಂಡತಿ, ಮತ್ತೆ ಮೂರು ಜನ.

ಈಗ ನೀವೇ ಲೆಕ್ಕ ಹಾಕಿ. ಅಪ್ಪ, ಅಮ್ಮ, ಅಜ್ಜಿ, ಮೂರು ಮಕ್ಕಳು. ಒಟ್ಟು ಆರು. ಒಂದು ಹೆಸರು ಬಿಡಬೇಕು. ಯಾರದ್ದು ಬಿಡ್ತೀರಿ? ಕಾಯಿಲೆ ಬೀಳೋದು ಅಜ್ಜಿ, ಹಾಗಾಗಿ ಅಜ್ಜಿ ಇರಲಿ. ಮಗ ಇರಲಿ. ದೊಡ್ಡವಳು ಇರಲಿ. ಕಿರಿಯವಳು? 'ಮುಂದಿನ ವರ್ಷ ನೋಡೋಣ.' ನಮ್ಮ ನಿಮ್ಮ ಮನೆಗಳಲ್ಲಿ 'ಮುಂದಿನ ವರ್ಷ ನೋಡೋಣ' ಅನ್ನೋ ಮಾತನ್ನ ಹೆಚ್ಚು ಕೇಳಿಸಿಕೊಂಡು ಬೆಳೆದವರು ಯಾರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಯೋಜನೆಯಲ್ಲಿ ಒಂದು ಒಳ್ಳೆಯ ನಿಯಮವೂ ಇತ್ತು. ಪಾಲಿಸಿ ಅವಧಿಯಲ್ಲಿ ಮಗು ಹುಟ್ಟಿದರೆ, ಐದು ಹೆಸರು ಭರ್ತಿಯಾಗಿದ್ದರೂ, ಆ ಕೂಸಿಗೆ ಹುಟ್ಟಿದ ಕ್ಷಣದಿಂದಲೇ ರಕ್ಷಣೆ. ಅರ್ಜಿ ಇಲ್ಲ, ಬೆರಳಚ್ಚು ಇಲ್ಲ. ಎಷ್ಟು ಮಾನವೀಯ ನಿಯಮ ಅಲ್ವಾ? ಆದರೆ ಅವಧಿ ಮುಗಿದು ಕಾರ್ಡ್ ನವೀಕರಿಸುವಾಗ ಮತ್ತೆ ಅದೇ ಐದರ ಲೆಕ್ಕ. ಹುಟ್ಟುವಾಗ ಒಳಗಿದ್ದ ಮಗು ಮೊದಲ ಹುಟ್ಟುಹಬ್ಬದ ಹೊತ್ತಿಗೆ ಹೊರಗೆ ಹೋಗಬಹುದಿತ್ತು. ಅಂದರೆ, ಅರ್ಜಿ ಇಲ್ಲದೆ ಮಗುವನ್ನ ಸೇರಿಸಿಕೊಳ್ಳೋದು ಹೇಗೆ ಅಂತ ವ್ಯವಸ್ಥೆಗೆ 2008ರಲ್ಲೇ ಗೊತ್ತಿತ್ತು. ಉಳಿಸಿಕೊಳ್ಳೋದು ಬೇಕು ಅಂತ ಅನ್ನಿಸಿರಲಿಲ್ಲ, ಅಷ್ಟೇ.

ಗಡಿಯ ಎರಡು ಬದಿಯ ಹಳ್ಳಿಗಳು

2010ರ ಫೆಬ್ರವರಿಯಲ್ಲಿ ಕರ್ನಾಟಕದ 'ವಾಜಪೇಯಿ ಆರೋಗ್ಯಶ್ರೀ' ಶುರುವಾಯ್ತು. ಸಾಮಾನ್ಯವಾಗಿ ನಮ್ಮ ಯೋಜನೆಗಳು ಬೆಂಗಳೂರಿನಲ್ಲಿ ಹುಟ್ಟಿ, ಬೀದರ್ ತಲುಪುವ ಹೊತ್ತಿಗೆ ಉಸಿರು ಬಿಟ್ಟಿರುತ್ತವೆ. ಇದು ಉಲ್ಟಾ. ಮೊದಲು ಆಗಿನ ಗುಲ್ಬರ್ಗ ವಿಭಾಗ, ನಂತರ ಬೆಳಗಾವಿ ವಿಭಾಗ, 2012ರಲ್ಲಿ ಉಳಿದ ರಾಜ್ಯ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟಗಾಯ, ನವಜಾತ ಶಿಶುಗಳ ಕಾಯಿಲೆ, ಹೀಗೆ ದೊಡ್ಡ ಚಿಕಿತ್ಸೆಗಳಿಗೆ ಕುಟುಂಬಕ್ಕೆ ಒಂದೂವರೆ ಲಕ್ಷ, ಅಗತ್ಯ ಬಿದ್ದರೆ ಇನ್ನೂ 50 ಸಾವಿರ. ಕಂತಿಲ್ಲ, ಪ್ರತ್ಯೇಕ ನೋಂದಣಿ ಇಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಮುಗೀತು. ಆಸ್ಪತ್ರೆಗಳೇ ಹಳ್ಳಿ ಕಡೆ ಬಂದು ಶಿಬಿರ ಮಾಡಿ ರೋಗಿಗಳನ್ನ ಗುರುತಿಸಿ ಕರೆದುಕೊಂಡು ಹೋಗುತ್ತಿದ್ದವು.

ಯೋಜನೆ ಅರ್ಧ ರಾಜ್ಯದಲ್ಲಿ ಇದ್ದು ಅರ್ಧ ರಾಜ್ಯದಲ್ಲಿ ಇಲ್ಲದ ಆ ಎರಡು ವರ್ಷಗಳಲ್ಲಿ ಸಂಶೋಧಕರಿಗೊಂದು ಅಪರೂಪದ ಅವಕಾಶ ಸಿಕ್ಕಿತು. ಗಡಿಯ ಈ ಬದಿಯ ಹಳ್ಳಿ, ಆ ಬದಿಯ ಹಳ್ಳಿ. ಅದೇ ಮಳೆ, ಅದೇ ಬೆಳೆ, ಅದೇ ಬಡತನ. ಒಂದು ಕಡೆ ಯೋಜನೆ ಇದೆ, ಇನ್ನೊಂದು ಕಡೆ ಇಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2014ರಲ್ಲಿ ಬಂದ ಆ ಅಧ್ಯಯನದ ಪ್ರಕಾರ, ಯೋಜನೆಗೆ ಸೇರಿದ ಕಾಯಿಲೆಗಳಿಂದ ಆದ ಸಾವು ಬಡ ಕುಟುಂಬಗಳಲ್ಲಿ ಶೇಕಡ 64ರಷ್ಟು ಕಡಿಮೆ ಇತ್ತು. ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹೋಗುವ ಖರ್ಚು ಶೇಕಡ 34ರಷ್ಟು ಕಡಿಮೆ. ಇದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕ.

'ಸರ್ಕಾರಿ ಯೋಜನೆಯಿಂದ ಏನ್ ಆಗುತ್ತೆ ಬಿಡಿ' ಅನ್ನೋರಿಗೆ ನಾನು ಪ್ರತಿ ಸಲ ಈ ಅಂಕಿ ತೋರಿಸ್ತೀನಿ. ಪಟ್ಟಿಯ ಒಳಗಿದ್ದ ಬಡವನಿಗೂ ಹೊರಗಿದ್ದ ಬಡವನಿಗೂ ಇದ್ದ ವ್ಯತ್ಯಾಸ ಜೀವದ ವ್ಯತ್ಯಾಸ. ಹಾಗಿರುವಾಗ ಯಾರು ಒಳಗೆ, ಯಾರು ಹೊರಗೆ ಅನ್ನೋದು ಗುಮಾಸ್ತರ ವಿಷಯ ಹೇಗಾಗುತ್ತೆ ಹೇಳಿ? ದುಃಖ ಏನಂದರೆ, ಈ ಯೋಜನೆಯಲ್ಲೂ ಕುಟುಂಬ ಅಂದರೆ ಐದೇ ಜನ.

80 ಡಾಲರ್ ಹಲ್ಲು

ಇಲ್ಲಿ ಕೆಲವರು ಕೇಳ್ತೀರಿ, ಮಕ್ಕಳಿಗೇ ಒಂದು ಪ್ರತ್ಯೇಕ ವಿಮೆ ಮಾಡಿದರೆ ಈ ತಾಪತ್ರಯ ತಪ್ಪುತ್ತಲ್ಲ ಅಂತ. ಮಾಡಿ ನೋಡಿದ ದೇಶ ಇದೆ. ಅದರ ಅನುಭವ ನಮಗೂ ಪಾಠ.

ಅಮೆರಿಕದಲ್ಲಿ ಕಡುಬಡವರಿಗೆ 1965ರಿಂದಲೇ ಮೆಡಿಕೇಡ್ ಅನ್ನೋ ಸರ್ಕಾರಿ ವ್ಯವಸ್ಥೆ ಇದೆ. ಸಿಕ್ಕಿಬಿದ್ದವರು ಮಧ್ಯದವರು. ಮೆಡಿಕೇಡ್‌ಗೆ 'ಸ್ವಲ್ಪ ಜಾಸ್ತಿ' ಸಂಪಾದನೆ, ಖಾಸಗಿ ವಿಮೆಗೆ ಸಾಲದ ಸಂಪಾದನೆ. ಹೋಟೆಲಲ್ಲಿ, ಅಂಗಡಿಯಲ್ಲಿ ದುಡಿಯುವವರ ಮಕ್ಕಳು. 1990ರ ದಶಕದ ನಡುವಿನಲ್ಲಿ ಅಲ್ಲಿ ಸುಮಾರು ಒಂದು ಕೋಟಿ ಮಕ್ಕಳಿಗೆ ಯಾವ ವಿಮೆಯೂ ಇರಲಿಲ್ಲ. ಎಲ್ಲರಿಗೂ ವಿಮೆ ಕೊಡುವ ಅಧ್ಯಕ್ಷ ಕ್ಲಿಂಟನ್ ಅವರ ದೊಡ್ಡ ಯೋಜನೆ 1994ರಲ್ಲಿ ಬಿದ್ದುಹೋಯ್ತು. ಆಗ ಡೆಮಾಕ್ರಟಿಕ್ ಪಕ್ಷದ ಎಡ್ವರ್ಡ್ ಕೆನಡಿ, ರಿಪಬ್ಲಿಕನ್ ಪಕ್ಷದ ಆರಿನ್ ಹ್ಯಾಚ್, ಎಣ್ಣೆ-ಸೀಗೆಕಾಯಿ ಥರದ ಇಬ್ಬರು ಸೆನೆಟರ್‌ಗಳು ಕೈ ಜೋಡಿಸಿದರು. ಎಲ್ಲರಿಗೂ ಆಗದಿದ್ದರೆ ಬೇಡ, ಮಕ್ಕಳಿಗಾದರೂ ಮಾಡೋಣ. ದುಡ್ಡಿಗೆ? ಸಿಗರೇಟಿನ ಮೇಲೆ ತೆರಿಗೆ. 1997ರಲ್ಲಿ ಕಾನೂನಾಯ್ತು. ಅದೇ 'ಚಿಪ್' ಅಂತ ಹೆಸರಾದ ಮಕ್ಕಳ ಆರೋಗ್ಯ ವಿಮಾ ಕಾರ್ಯಕ್ರಮ.

ಫಲಿತಾಂಶ? 1997ರಲ್ಲಿ ನೂರಕ್ಕೆ ಸುಮಾರು 14 ಮಕ್ಕಳಿಗೆ ವಿಮೆ ಇರಲಿಲ್ಲ. 2016ರ ಹೊತ್ತಿಗೆ ಅದು ನೂರಕ್ಕೆ 5ಕ್ಕೆ ಬಂತು. ಆಮೇಲೆ ಬಂದ ಕಾನೂನುಗಳ ಪಾಲೂ ಇದರಲ್ಲಿದೆ, ಆದರೆ ಅಡಿಪಾಯ ಚಿಪ್‌ದೇ.

ಆದರೂ ಜಾಯಿಂಟ್ ಅಲ್ಲೂ ಸೋರಿತು. 2007ರ ಫೆಬ್ರವರಿಯಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ 12 ವರ್ಷದ ಒಬ್ಬ ಹುಡುಗ ಸತ್ತ. ಕಾರಣ ಹುಳುಕು ಹಲ್ಲು. ಹಲ್ಲಿನ ಸೋಂಕು ಮಿದುಳಿಗೆ ಏರಿತ್ತು. ಹಲ್ಲು ಕೀಳಿಸೋಕೆ 80 ಡಾಲರ್ ಸಾಕಿತ್ತು. ಕೊನೆಗೆ ಎರಡು ಮಿದುಳಿನ ಆಪರೇಷನ್, ವಾರಗಟ್ಟಲೆ ಆಸ್ಪತ್ರೆ, ಎರಡೂವರೆ ಲಕ್ಷ ಡಾಲರ್ ಸುಮಾರಿನ ಖರ್ಚು, ಆದರೂ ಜೀವ ಉಳಿಯಲಿಲ್ಲ. ಮನೆ ಇಲ್ಲದೆ ಅಲೆಯುತ್ತಿದ್ದ ಆ ಕುಟುಂಬದ ಮೆಡಿಕೇಡ್ ಆ ಹೊತ್ತಿಗೆ ಕಡಿದುಹೋಗಿತ್ತು. ಸರ್ಕಾರಿ ವಿಮೆ ತೆಗೆದುಕೊಳ್ಳುವ ದಂತವೈದ್ಯರೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಆ ಸಾವು ಅಮೆರಿಕವನ್ನ ಅಲುಗಾಡಿಸಿತು. ಅದೇ ವರ್ಷ ಚಿಪ್ ವಿಸ್ತರಿಸುವ ಮಸೂದೆಯನ್ನ ಅಧ್ಯಕ್ಷ ಬುಷ್ ಎರಡು ಸಲ ತಿರಸ್ಕರಿಸಿದರು. 2009ರ ಫೆಬ್ರವರಿಯಲ್ಲಿ ಒಬಾಮ ಸಹಿ ಹಾಕಿದರು. ಆ ಕಾನೂನಿನಲ್ಲಿ ಮಕ್ಕಳ ಹಲ್ಲಿನ ಚಿಕಿತ್ಸೆ ಕಡ್ಡಾಯವಾಯ್ತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಕೋವಿಡ್ ಕಾಲದಲ್ಲಿ ಯಾರನ್ನೂ ಮೆಡಿಕೇಡ್ ಪಟ್ಟಿಯಿಂದ ತೆಗೆಯಬಾರದು ಅಂತ ನಿಯಮ ಇತ್ತು. 2023ರಲ್ಲಿ ಅದು ಮುಗಿದ ಮೇಲೆ ಲಕ್ಷಾಂತರ ಮಕ್ಕಳ ಹೆಸರು ಬಿದ್ದುಹೋಯ್ತು. ಹೆಸರು ಬಿದ್ದವರಲ್ಲಿ ಹೆಚ್ಚಿನವರು ಅನರ್ಹರು ಅಂತ ಸಾಬೀತಾಗಿದ್ದೇನೂ ಅಲ್ಲ. ಕಾಗದ ಸಮಯಕ್ಕೆ ಬರಲಿಲ್ಲ, ವಿಳಾಸ ಬದಲಾಗಿತ್ತು, ಫಾರಂ ತುಂಬಲಿಲ್ಲ. ಈಗ ಅಲ್ಲಿ ಒಂದು ನಿಯಮ ಇದೆ. 2024ರ ಜನವರಿಯಿಂದ, ಒಮ್ಮೆ ಸೇರಿದ ಮಗುವಿನ ವಿಮೆ ಅಪ್ಪ-ಅಮ್ಮನ ಆದಾಯ ನಡುವೆ ಏರಿದರೂ 12 ತಿಂಗಳು ಕಡಿಯುವಂತಿಲ್ಲ.

ಅಂದರೆ ಏನಾಯ್ತು? ಮಕ್ಕಳಿಗೇ ಪ್ರತ್ಯೇಕ ವಿಮೆ ಮಾಡಿದ ಶ್ರೀಮಂತ ದೇಶಕ್ಕೂ, ಸೇರಿಸೋದಕ್ಕಿಂತ ಉಳಿಸಿಕೊಳ್ಳೋದು ಕಷ್ಟ ಅನ್ನೋದು ಅರ್ಥವಾಗೋಕೆ ಇಪ್ಪತ್ತೈದು ವರ್ಷ ಬೇಕಾಯ್ತು.

ಮಗುವಿನ ಕಾಯಿಲೆಗೆ ಗಡುವು ಇದೆ

'ಸ್ವಲ್ಪ ತಡವಾದರೆ ಏನಂತೆ, ಹೆಸರು ಸೇರಿಸಿಕೊಂಡರಾಯ್ತು' ಅನ್ನಬಹುದು. ದೊಡ್ಡವರ ಮಂಡಿ ಆಪರೇಷನ್ ಆರು ತಿಂಗಳು ಮುಂದೆ ಹೋದರೆ ನೋವು ಅನುಭವಿಸಬೇಕು, ನಿಜ. ಮಕ್ಕಳ ವಿಷಯ ಬೇರೆ. ಹುಟ್ಟುವ ಸಾವಿರ ಶಿಶುಗಳಲ್ಲಿ 8-9 ಶಿಶುಗಳಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತೆ. ಹಲವು ತಾನಾಗೇ ಸರಿಹೋಗುತ್ತವೆ. ದೊಡ್ಡ ರಂಧ್ರ ಇದ್ದು ಸಕಾಲಕ್ಕೆ ಮುಚ್ಚದಿದ್ದರೆ ಶ್ವಾಸಕೋಶದ ರಕ್ತನಾಳಗಳು ಹಾಳಾಗುತ್ತವೆ, ಆಮೇಲೆ ಆಪರೇಷನ್ ಮಾಡುವ ಸ್ಥಿತಿಯೇ ಇರಲ್ಲ. ಹುಟ್ಟು ಕಿವುಡಿರುವ ಮಗುವಿಗೆ ಮೊದಲ ಕೆಲವು ವರ್ಷಗಳಲ್ಲೇ ಶಬ್ದ ಕೇಳಿಸಬೇಕು, ತಡವಾದಷ್ಟೂ ಮಾತು ಬರೋದು ಕಷ್ಟ. ಸೊಟ್ಟ ಪಾದವನ್ನ ಎಳೆಯ ಮೂಳೆಯಲ್ಲಿ ಪಟ್ಟಿ ಹಾಕಿಯೇ ನೇರ ಮಾಡಬಹುದು. ಸರ್ಕಾರಿ ಕಡತ ಮುಂದಿನ ಟೇಬಲ್‌ಗೆ ಹೋಗೋಕೆ ಕಾಯುತ್ತೆ. ಮಗುವಿನ ಮೈ ಕಾಯಲ್ಲ.

ಇದನ್ನ ಅರ್ಥ ಮಾಡಿಕೊಂಡ ಯೋಜನೆ ಒಂದಿದೆ. ಟಿವಿ ಚರ್ಚೆಗಳಲ್ಲಿ ಅದರ ಹೆಸರೇ ಬರಲ್ಲ, ನಮ್ಮ ಚಾನೆಲ್‌ನೂ ಸೇರಿಸಿಯೇ ಹೇಳ್ತಿದ್ದೀನಿ. 2013ರ ಫೆಬ್ರವರಿಯಲ್ಲಿ ಶುರುವಾದ 'ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ'. ಇದು ವಿಮೆ ಅಲ್ಲ. ವೈದ್ಯರು, ನರ್ಸ್, ಫಾರ್ಮಸಿಸ್ಟ್ ಇರುವ ತಂಡ ವಾಹನದಲ್ಲಿ ಬರುತ್ತೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ. ಹುಟ್ಟಿನಿಂದ 18 ವರ್ಷದವರೆಗೆ, 30 ಬಗೆಯ ತೊಂದರೆಗಳನ್ನ ಹುಡುಕುತ್ತೆ: ಹುಟ್ಟು ದೋಷ, ಪೋಷಣೆಯ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ. ಸಿಕ್ಕ ಮಗುವನ್ನ ದೊಡ್ಡ ಆಸ್ಪತ್ರೆಗೆ ಕಳಿಸಿ ಉಚಿತ ಚಿಕಿತ್ಸೆ ಕೊಡಿಸುತ್ತೆ.

ವ್ಯತ್ಯಾಸ ಗಮನಿಸಿದ್ರಾ? ಇಲ್ಲಿ ಕಾರ್ಡ್ ತೋರಿಸಿ ಅಂತ ಯಾರೂ ಮೊದಲು ಕೇಳಲ್ಲ. ಅಂಗನವಾಡಿಯ ಚಾಪೆ ಮೇಲೆ ಕೂತಿದ್ದರೆ ಅದೇ ಅರ್ಹತೆ. ಪಟ್ಟಿಯ ಹತ್ತಿರ ಮಗು ಹೋಗಬೇಕಿಲ್ಲ, ಪಟ್ಟಿಯೇ ಮಗುವಿನ ಹತ್ತಿರ ಬರುತ್ತೆ. ಕೊರತೆ ಇರೋದು ಚಾಪೆ ಮೇಲೆ ಇಲ್ಲದ ಮಕ್ಕಳ ವಿಷಯದಲ್ಲಿ. ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿಗೆ ಗುಳೆ ಬಂದು, ಕಟ್ಟಡ ಕೆಲಸದ ಜಾಗದಲ್ಲಿ ಮರಳಿನ ರಾಶಿ ಮೇಲೆ ಆಡ್ತಿರುವ ಮಗು. ತಂಡದ ವಾಹನ ಊರಿನ ಅಂಗನವಾಡಿಗೆ ಬಂದ ದಿನ ಆ ಮಗು ಅಲ್ಲಿರಲ್ಲ.

ಪಟ್ಟಿ ನಿಂತಿರುತ್ತೆ, ಮಕ್ಕಳು ಹುಟ್ತಾನೇ ಇರ್ತಾರೆ

2018 ದೊಡ್ಡ ಬದಲಾವಣೆಯ ವರ್ಷ. ಮಾರ್ಚ್ 2ರಂದು ರಾಜ್ಯದಲ್ಲಿ 'ಆರೋಗ್ಯ ಕರ್ನಾಟಕ', ಸೆಪ್ಟೆಂಬರ್ 23ರಂದು ಕೇಂದ್ರದ 'ಆಯುಷ್ಮಾನ್ ಭಾರತ್', ಅಕ್ಟೋಬರ್ 30ರಂದು ಎರಡೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ನಿಗದಿತ ವೆಚ್ಚದ ಶೇಕಡ 30, ಒಂದೂವರೆ ಲಕ್ಷದವರೆಗೆ. ಮತ್ತು ಮುಖ್ಯವಾಗಿ, ಐದು ಜನರ ಆ ಹಳೆಯ ಗೋಡೆ ಬಿತ್ತು. ಆಯುಷ್ಮಾನ್‌ನಲ್ಲಿ ಕುಟುಂಬದ ಗಾತ್ರಕ್ಕೆ ಮಿತಿಯೇ ಇಲ್ಲ. ಹತ್ತು ವರ್ಷ ತಡವಾಗಿಯಾದರೂ ಆ ಕಿರಿಯ ಮಗಳಿಗೆ ನ್ಯಾಯ ಸಿಕ್ಕಿತು. 2023ರ ಜನವರಿಯಲ್ಲಿ ಯಶಸ್ವಿನಿಯೂ ಮರಳಿ ಬಂತು, ಈ ಸಲ ಕಂತು ತಲೆ ಲೆಕ್ಕದಲ್ಲಲ್ಲ, ಕುಟುಂಬದ ಲೆಕ್ಕದಲ್ಲಿ. ಹಾಗಂತ ತಲೆ ಎಣಿಸೋದು ಪೂರ್ತಿ ಹೋಗಿಲ್ಲ. ಗ್ರಾಮೀಣ ಕುಟುಂಬದ ನಾಲ್ಕು ಜನರವರೆಗೆ 500 ರೂಪಾಯಿ, ಆಮೇಲೆ ಪ್ರತಿ ತಲೆಗೆ 100.

ಹಾಗಾದರೆ ರಾಯಚೂರಿನ ಆ ಕೂಸು ಯಾಕೆ ಹೊರಗೆ ಉಳಿಯಿತು?

ಯಾಕಂದರೆ ಕುಟುಂಬಕ್ಕೆ ಮಿತಿ ಇಲ್ಲ, ಆದರೆ ಕುಟುಂಬ ಯಾವುದು ಅಂತ ಹೇಳೋದು ಒಂದು ಪಟ್ಟಿ. ಕೇಂದ್ರದ ಯೋಜನೆಗೆ ಆಧಾರವಾಗಿದ್ದು 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿ. ಆ ವರ್ಷ ಹುಟ್ಟದೇ ಇದ್ದ ಮಗು ಆ ಗಣತಿಯಲ್ಲಿ ಇರೋದಾದರೂ ಹೇಗೆ? ದಾಖಲೆ ಕೊಟ್ಟು ಸೇರಿಸಬಹುದು, ನಿಯಮದಲ್ಲಿ ಅವಕಾಶ ಇದೆ. ನಮ್ಮ ರಾಜ್ಯದಲ್ಲಿ ಆಧಾರ ಪಡಿತರ ಚೀಟಿ. ಅದಕ್ಕೂ ಹೊಸ ಮಗುವನ್ನ ಅಪ್ಪ-ಅಮ್ಮನೇ ಹೋಗಿ ಸೇರಿಸಬೇಕು. ಸರ್ವರ್ ಇರಬೇಕು, ತಿದ್ದುಪಡಿಗೆ ಅವಕಾಶ ತೆರೆದಿರಬೇಕು, ಅವತ್ತಿನ ಕೂಲಿ ಬಿಡಬೇಕು. ಕೂಸು ಚೆನ್ನಾಗಿದ್ದಾಗ ಯಾರೂ ಹೋಗಲ್ಲ. ಕೂಸು ಮಲಗಿದ ಮೇಲೆ ಹೋಗೋಕೆ ಸಮಯ ಇರಲ್ಲ.

ಈಗ ಒಂದು ವಿಚಿತ್ರ ನೋಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಅಂದರೆ ಮಗು ಹುಟ್ಟುವುದೇ ಆರೋಗ್ಯ ವ್ಯವಸ್ಥೆಯ ಕೈಯಲ್ಲಿ. ತೂಕ ಬರೆದುಕೊಳ್ತಾರೆ, ಲಸಿಕೆ ಹಾಕ್ತಾರೆ, ತಾಯಿ ಕಾರ್ಡ್ ಕೊಡ್ತಾರೆ, ಜನನ ನೋಂದಣಿ ಆಗುತ್ತೆ. ಸರ್ಕಾರದ ಕೈಯಲ್ಲೇ ಹುಟ್ಟಿದ ಮಗು ಸರ್ಕಾರದ್ದೇ ಇನ್ನೊಂದು ಪಟ್ಟಿಗೆ ಸೇರೋಕೆ ಅಪ್ಪನ ಕಂಕುಳಲ್ಲಿ ಕೂತು ಕಚೇರಿಗೆ ಅಲೆಯಬೇಕು! ಎರಡು ಪೈಪು ಒಂದು ಗೇಣು ದೂರದಲ್ಲಿವೆ. ಜೋಡಿಸಿಲ್ಲ.

ಜೋಡಿಸೋಕೆ ಕಾನೂನಿನ ಅಡ್ಡಿಯೂ ಇಲ್ಲ. 2023ರ ಜನನ-ಮರಣ ನೋಂದಣಿ ತಿದ್ದುಪಡಿ ಕಾಯ್ದೆ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಜನನ ನೋಂದಣಿಯ ಮಾಹಿತಿಯನ್ನ ಪಡಿತರ ಚೀಟಿಯಂಥ ದತ್ತಾಂಶದ ಜೊತೆ ಹಂಚಿಕೊಳ್ಳೋಕೆ ಅದರಲ್ಲಿ ದಾರಿ ಇದೆ. ಹೊಸ ಆಸ್ಪತ್ರೆ ಬೇಡ, ಹೊಸ ಹೆಸರಿನ ಯೋಜನೆ ಬೇಡ, ಹೊಸ ಫೋಟೋ ಇರುವ ಕಾರ್ಡೂ ಬೇಡ. ಹೆರಿಗೆ ಆಸ್ಪತ್ರೆಯಿಂದ ತಾಯಿ ಮನೆಗೆ ಹೊರಡುವ ಮೊದಲೇ ಕೂಸು ತಾಯಿಯ ಪಡಿತರ ಚೀಟಿಯಲ್ಲೂ ಆರೋಗ್ಯ ಯೋಜನೆಯಲ್ಲೂ ಇರಬೇಕು. ಮತ್ತೆ 18 ವರ್ಷದವರೆಗೆ, ಅಪ್ಪನ ಕಾರ್ಡ್ ರದ್ದಾದರೂ, ಊರು ಬದಲಾದರೂ, ಆ ಹೆಸರು ಅಳಿಸಬಾರದು.

ಇದು ಆಗದ ಮಾತು ಅಂತೀರಾ? 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 70 ವರ್ಷ ದಾಟಿದ ಎಲ್ಲರಿಗೂ, ಬಡವ-ಶ್ರೀಮಂತ ಭೇದ ಇಲ್ಲದೆ, ಆಯುಷ್ಮಾನ್ ರಕ್ಷಣೆ ಅಂತ ಘೋಷಿಸಿತು. ವಯಸ್ಸೇ ಅರ್ಹತೆ. ಸರಿಯಾದ ಕೆಲಸ, ನಮ್ಮ ಅಜ್ಜ-ಅಜ್ಜಿಯರಿಗೆ ಸಿಗಲೇಬೇಕು. ಆದರೆ 70 ದಾಟಿದ್ದು ಒಂದು ಅರ್ಹತೆ ಆಗಬಹುದಾದರೆ, ಏಳು ತುಂಬದಿರೋದು ಯಾಕೆ ಅರ್ಹತೆ ಆಗಬಾರದು? ನನಗೆ ಒಂದೇ ಉತ್ತರ ಹೊಳೆಯೋದು. ಎಪ್ಪತ್ತರವರ ಹೆಸರು ಇನ್ನೊಂದು ಪಟ್ಟಿಯಲ್ಲಿ ಇದೆ, ಮತದಾರರ ಪಟ್ಟಿಯಲ್ಲಿ. ಮಕ್ಕಳ ಹೆಸರು ಅಲ್ಲೂ ಇಲ್ಲ.

ಆ ಕರೆ ಕಟ್ ಆದ ಮೇಲೆ ನಮ್ಮ ಹುಡುಗರು ಆ ನಂಬರಿಗೆ ವಾಪಸ್ ಫೋನ್ ಮಾಡಿದರು. ಸ್ವಿಚ್ ಆಫ್. ಮರುದಿನವೂ ಮಾಡಿದರು, ಸಿಗಲಿಲ್ಲ. ಕೂಸಿಗೆ ಏನಾಯ್ತು ಅಂತ ನನಗೆ ಗೊತ್ತಿಲ್ಲ. ಇಷ್ಟೆಲ್ಲ ಅಂಕಿ, ಇಸವಿ ಹೇಳಿದ ಮೇಲೂ ಆ ಒಂದು ಉತ್ತರ ನನ್ನ ಹತ್ತಿರ ಇಲ್ಲ.

ನಿಮ್ಮ ಹತ್ತಿರ ಒಂದು ಕೋರಿಕೆ. ಇದನ್ನ ಓದಿ ಮುಗಿಸಿದ ಮೇಲೆ ಮನೆಯ ಪಡಿತರ ಚೀಟಿ ತೆಗೆದು ನೋಡಿ. ನಿಮ್ಮ ಮನೆಗೆಲಸಕ್ಕೆ ಬರುವ ಅಮ್ಮನನ್ನ, ನಿಮ್ಮ ಬೀದಿಯ ಕಟ್ಟಡದಲ್ಲಿ ಕೆಲಸ ಮಾಡ್ತಿರುವ ದಂಪತಿಯನ್ನ ಒಂದು ಮಾತು ಕೇಳಿ. ಕಾರ್ಡ್ ಇದೆಯಾ ಅಂತಲ್ಲ. ಕಾರ್ಡಿನಲ್ಲಿ ಮಗುವಿನ ಹೆಸರಿದೆಯಾ ಅಂತ.